ಕಟ್ಟಿದ ನಾಯಿಗೆ ಅಂಗಳದ ಓಟ: ಕಠಿಣ ಪಥವನ್ನು ಮನೆಯಲ್ಲೇ ಕಲಿಸುವ ಬಗೆ

2022ರ ಜೂನ್ 10ರಂದು ತೆರೆಕಂಡ ‘777 ಚಾರ್ಲಿ’ ಚಲನಚಿತ್ರವು ಕಾಸರಗೋಡಿನ ಕನ್ನಡ ಕುಟುಂಬಗಳಿಗೆ ಅಪರಿಚಿತವಲ್ಲ. ಅದರ ನಿರ್ದೇಶಕ ಕಿರಣ್‌ರಾಜ್ ಕೆ. ಕಾಸರಗೋಡಿನವರು. 69ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವವೂ ಅದಕ್ಕೆ ಸಂದಿದೆ. ಒಂಟಿಯಾಗಿ ಬದುಕುತ್ತಿದ್ದ ಧರ್ಮನೆಂಬಾತನ ಮನೆಗೆ ಬಂದು ಸೇರುವ ಲ್ಯಾಬ್ರಡಾರ್ ನಾಯಿಯೊಂದರ ಆ ಕಥೆಯಲ್ಲಿ, ತಡೆಗಳನ್ನು ದಾಟುತ್ತ ಓಡುವ ನಾಯಿಗಳ ಸ್ಪರ್ಧೆಯ ಸನ್ನಿವೇಶವೂ ಇದೆ. ಹಲಗೆಯನ್ನೇರಿ, ಕೋಲುಗಳ ನಡುವೆ ನುಸುಳಿ, ಬೇಲಿಗಳನ್ನು ಹಾರಿ ಸಾಗುವ ಆ ಆಟವನ್ನು ಕಂಡ ಮಕ್ಕಳು ‘ನಮ್ಮ ಮನೆಯ ನಾಯಿಗೂ ಇದನ್ನು ಕಲಿಸಬಹುದೇ?’ ಎಂದು ಕೇಳಿದರೆ ಅದು ಸಹಜ.

ಕಲಿಸಬಹುದು ಎಂಬುದೇ ಉತ್ತರ. ಅದಕ್ಕೆ ದುಬಾರಿ ತಳಿಯ ನಾಯಿ ಬೇಕಿಲ್ಲ, ಪಟ್ಟಣದ ತರಬೇತಿ ಕೇಂದ್ರವೂ ಬೇಕಿಲ್ಲ. ಕುಂಬಳೆಯ ಸುತ್ತಮುತ್ತಲಿನ ಮನೆಗಳಲ್ಲಿ ಸಾಮಾನ್ಯವಾಗಿರುವ ಅಂಗಳ, ಒಂದಿಷ್ಟು ಅಡಿಕೆ ದಬ್ಬೆ, ನಾಲ್ಕಾರು ಪಿವಿಸಿ ಪೈಪುಗಳು, ಅದಕ್ಕಿಂತ ಹೆಚ್ಚಾಗಿ ತಾಳ್ಮೆ, ಇಷ್ಟಿದ್ದರೆ ಸಾಕು. ಆದರೆ ಇದು ಬರಿಯ ಮಕ್ಕಳಾಟದ ವಿಷಯವೂ ಅಲ್ಲ. ಕೊಟ್ಟಿಗೆಯ ಬದಿಯಲ್ಲಿ ಹಗಲಿಡೀ ಸರಪಳಿಯಲ್ಲಿರುವ ನಾಯಿಯ ಬದುಕು, ಆ ನಾಯಿಯನ್ನು ಕಂಡರೆ ಬೆಚ್ಚುವ ನೆರೆಮನೆಯ ಮಗುವಿನ ಸುರಕ್ಷೆ, ಸಾಕಿದವರ ಮೇಲೆ ಕಾನೂನು ಹೊರಿಸಿರುವ ಹೊಣೆ, ಈ ಮೂರೂ ಇದರೊಳಗೆ ಸೇರಿಕೊಂಡಿವೆ.

ಆಟದ ಹುಟ್ಟು ಮತ್ತು ಸ್ವರೂಪ

ಜಗತ್ತು ‘ಅಜಿಲಿಟಿ’ ಎಂದು ಕರೆಯುವ ಈ ಆಟಕ್ಕೆ ಇನ್ನೂ ಅರ್ಧ ಶತಮಾನದ ಆಸುಪಾಸಿನ ವಯಸ್ಸು. 1978ರಲ್ಲಿ ಲಂಡನ್ನಿನ ಪ್ರಸಿದ್ಧ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಎರಡು ಮುಖ್ಯ ಕಾರ್ಯಕ್ರಮಗಳ ನಡುವಣ ಬಿಡುವನ್ನು ತುಂಬಲು ಏನಾದರೊಂದು ಮನರಂಜನೆ ಬೇಕಾಯಿತು. ಸಂಘಟನಾ ಸಮಿತಿಯ ಜಾನ್ ವಾರ್ಲಿ, ತರಬೇತುದಾರ ಪೀಟರ್ ಮೀನ್‌ವೆಲ್ ಅವರ ನೆರವಿನಿಂದ, ಕುದುರೆಗಳ ಜಿಗಿತದ ಸ್ಪರ್ಧೆಯನ್ನು ಮಾದರಿಯಾಗಿಟ್ಟುಕೊಂಡು ನಾಯಿಗಳಿಗೊಂದು ಓಟದ ಪಥವನ್ನು ರೂಪಿಸಿದರು. ಬಿಡುವನ್ನು ತುಂಬಲು ಬಂದ ಆಟವೇ ಪ್ರೇಕ್ಷಕರ ಮನಸ್ಸನ್ನು ಗೆದ್ದಿತು. 1980ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇದಕ್ಕೆ ಅಧಿಕೃತ ಮಾನ್ಯತೆ ನೀಡಿತು. 1996ರಿಂದ ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತ ಬಂದಿದೆ.

ಆಟದ ನಿಯಮವನ್ನು ಸರಳವಾಗಿ ಹೇಳುವುದಾದರೆ, ಸುಮಾರು 20 ತಡೆಗಳನ್ನು ತೀರ್ಪುಗಾರರು ನಿಗದಿಪಡಿಸಿದ ಕ್ರಮದಲ್ಲೇ, ತಪ್ಪಿಲ್ಲದೆ, ನಿಗದಿತ ಸಮಯದೊಳಗೆ ನಾಯಿ ದಾಟಬೇಕು. ನಡೆಸುವಾತನು ಜೊತೆಯಲ್ಲಿ ಓಡುತ್ತ ಮಾತು, ಕೈ, ಮೈಗಳಿಂದ ದಾರಿ ತೋರಬಹುದು. ಆದರೆ ನಾಯಿಯನ್ನು ಮುಟ್ಟುವಂತಿಲ್ಲ, ತಿಂಡಿ ಅಥವಾ ಆಟಿಕೆ ತೋರಿಸುವಂತಿಲ್ಲ. ಅಡ್ಡಕೋಲನ್ನು ಬೀಳಿಸಿದರೆ 5 ತಪ್ಪಂಕ. ತಡೆಯ ಕ್ರಮ ತಪ್ಪಿದರೆ ಸ್ಪರ್ಧೆಯಿಂದಲೇ ಹೊರಕ್ಕೆ. ಎಲ್ಲಕ್ಕಿಂತ ಕುತೂಹಲದ ನಿಯಮವೆಂದರೆ, ನಾಯಿಗೆ ಪಥವನ್ನು ಮೊದಲೇ ತೋರಿಸುವುದಿಲ್ಲ. ನಡೆಸುವಾತನು ಮಾತ್ರ ಕೆಲವು ನಿಮಿಷ ಬರಿಗೈಯಲ್ಲಿ ಪಥದುದ್ದಕ್ಕೂ ನಡೆದು ಅದನ್ನು ನೆನಪಿಗೆ ತಂದುಕೊಳ್ಳಬೇಕು. ಪಾಠವನ್ನು ಓದುವವನು ಒಬ್ಬ, ಪರೀಕ್ಷೆ ಬರೆಯುವುದು ಇನ್ನೊಂದು ಜೀವ!

ತಡೆಗಳ ಪೈಕಿ ಹೆಚ್ಚಿನವು ಕರಾವಳಿಯವರಿಗೆ ಹೊಸತೆನಿಸುವುದಿಲ್ಲ. ಎತ್ತರದಲ್ಲಿರುವ ಕಿರಿದಾದ ಹಲಗೆಯ ಮೇಲೆ ನಡೆಯುವ ‘ಡಾಗ್ ವಾಕ್’ ತೋಡಿಗೆ ಅಡ್ಡಲಾಗಿ ಹಾಕಿದ ಅಡಿಕೆ ಮರದ ಸಂಕವಲ್ಲದೆ ಬೇರೆಯಲ್ಲ. ಸ್ಪರ್ಧೆಯಲ್ಲಿ ಅದರ ಎತ್ತರ ಸುಮಾರು 1.2 ಮೀಟರ್. ‘ಎ-ಫ್ರೇಮ್’ ಎಂಬುದು ನೆಲಕ್ಕೆ ಇಳಿಸಿಟ್ಟ ಮನೆಯ ಮಾಡು, ಎರಡೂ ಬದಿಗೆ ಇಳಿಜಾರು. ‘ಸೀಸಾ’ ಎಂದರೆ ಏತದಂತೆ ತೂಗುವ ಹಲಗೆ. ಈ ಮೂರರಲ್ಲೂ ಹತ್ತುವ ಮತ್ತು ಇಳಿಯುವ ತುದಿಗಳಲ್ಲಿ ಬೇರೆ ಬಣ್ಣ ಬಳಿದ ಒಂದು ಭಾಗವಿರುತ್ತದೆ. ನಾಯಿ ಅದನ್ನು ತುಳಿದೇ ಇಳಿಯಬೇಕು, ಮೇಲಿನಿಂದಲೇ ಜಿಗಿದರೆ ತಪ್ಪು. ಕಾಲು ಉಳುಕದಿರಲೆಂದೇ ಮಾಡಿದ ನಿಯಮವಿದು. ಇನ್ನು ‘ಟನೆಲ್’ ಅನ್ನು ಸುರಂಗವೆಂದರೆ ಸಾಕು. ನೀರಿಗಾಗಿ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗಗಳ ನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಪರ್ಧೆಯ ಸುರಂಗ ಮಾತ್ರ ಬಟ್ಟೆಯದು, 60 ಸೆಂಟಿಮೀಟರ್ ಅಗಲದ್ದು, ಬೇಕಾದಂತೆ ಬಾಗಿಸಬಹುದಾದದ್ದು. ಕೊನೆಯದು ಕೋಲುಗಳ ಸಾಲು. ಒಂದೇ ಗೆರೆಯಲ್ಲಿ ನೆಟ್ಟ 12 ಕೋಲುಗಳ ನಡುವೆ, ಸೂಜಿ ಬಟ್ಟೆಯೊಳಗೆ ಹೋಗಿಬರುವಂತೆ, ನಾಯಿ ಅತ್ತಿತ್ತ ನುಸುಳುತ್ತ ಸಾಗಬೇಕು.

ಮೂರು ಸೆಂಟ್ ಅಂಗಳದ ಲೆಕ್ಕ

ಸ್ಪರ್ಧಾಕಣವು ಕಡಿಮೆಯೆಂದರೂ 20 ಮೀಟರ್ ಅಗಲ, 40 ಮೀಟರ್ ಉದ್ದವಿರಬೇಕು. ಅಂದರೆ 800 ಚದರ ಮೀಟರ್, ಊರಿನ ಲೆಕ್ಕದಲ್ಲಿ ಸುಮಾರು 20 ಸೆಂಟ್ಸ್ ಜಾಗ. ಮನೆಯ ಮುಂದಿನ ಅಂಗಳವು ಮೂರು ಸೆಂಟ್ಸ್ ಇದ್ದರೆ ಅದು 120 ಚದರ ಮೀಟರ್ ಮಾತ್ರ. 20 ತಡೆಗಳ ಪಥ ಅಲ್ಲಿ ಹಿಡಿಸದು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಂತೂ ಒಣಹಾಕಿದ ಅಡಿಕೆಗೇ ಆ ಅಂಗಳ ಸಾಲದು. ಹಾಗಿರುವಾಗ ಕಠಿಣ ಪಥದ ಅಭ್ಯಾಸ ಮನೆಯಲ್ಲಿ ಹೇಗೆ ಸಾಧ್ಯ?

ಗಣಿತವೇ ಇದಕ್ಕೆ ಉತ್ತರ ಕೊಡುತ್ತದೆ. ಅಂಗಳದಲ್ಲಿ ಮೂರು ಜಿಗಿತದ ಬೇಲಿಗಳನ್ನು ತ್ರಿಕೋನಾಕಾರದಲ್ಲಿ ಇಟ್ಟರೆಂದುಕೊಳ್ಳೋಣ. ಮೂರನ್ನೂ ಒಂದೊಂದು ಬಾರಿ ಹಾರಬೇಕು. ಯಾವುದು ಮೊದಲು, ಯಾವುದು ನಂತರ ಎಂಬ ಕ್ರಮವನ್ನು 6 ಬಗೆಯಲ್ಲಿ ಆರಿಸಬಹುದು. ಪ್ರತಿಯೊಂದು ಬೇಲಿಯನ್ನೂ ಎರಡು ದಿಕ್ಕುಗಳಿಂದ ಹಾರಬಹುದಾದ್ದರಿಂದ 2×2×2, ಅಂದರೆ 8 ಬಗೆ. ಒಟ್ಟು 6×8=48 ಪಥಗಳು! ನಾಲ್ಕನೆಯ ಬೇಲಿ ಸೇರಿದರೆ ಈ ಸಂಖ್ಯೆ 384ಕ್ಕೇರುತ್ತದೆ. ಹತ್ತನೆಯ ತರಗತಿ ದಾಟಿದ ಮಕ್ಕಳು ಕ್ರಮಯೋಜನೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ಕಾಣಬಲ್ಲರು? ಸ್ಪರ್ಧೆಯ ಕಠಿಣ ಪಥವೆಂಬುದು ವಾಸ್ತವದಲ್ಲಿ ಇಂತಹ ಮೂರು ನಾಲ್ಕು ತಡೆಗಳ ತುಂಡುಗಳನ್ನು ಒಂದಕ್ಕೊಂದು ಪೋಣಿಸಿದ ಮಾಲೆ. ಮಾಲೆಯನ್ನು ಬಿಚ್ಚಿ ಒಂದೊಂದೇ ತುಂಡನ್ನು ಅಂಗಳದಲ್ಲಿ ಅಭ್ಯಸಿಸುವುದೇ ಮನೆಯ ವಿಧಾನ.

ಸಾಮಗ್ರಿಗಳಿಗೆ ಹೆಚ್ಚಿನ ಖರ್ಚಿಲ್ಲ. ಜಿಗಿತಕ್ಕೆ ಹಗುರವಾದ ಪಿವಿಸಿ ಪೈಪು ಉತ್ತಮ. ಆದರೆ ಅದನ್ನು ಕಟ್ಟಬಾರದು. ನಾಯಿಯ ಕಾಲು ತಾಗಿದೊಡನೆ ಕಳಚಿ ಬೀಳುವಂತೆ ಸುಮ್ಮನೆ ಆನಿಸಿ ಇಡಬೇಕು. ಕೆಂಪುಕಲ್ಲಿನ ಮೇಲೆ ಪೈಪನ್ನಿಡುವುದು ಸುಲಭವೆನಿಸಿದರೂ ಕಲ್ಲಿನ ಅಂಚು ನಾಯಿಯ ಕಾಲನ್ನು ಕೊಯ್ಯಬಲ್ಲದು. ಬದಲಿಗೆ ಮಗುಚಿಟ್ಟ ಪ್ಲಾಸ್ಟಿಕ್ ಬಕೆಟ್ಟುಗಳು ಸಾಕು. ಸಂಕಕ್ಕೆ ಅಗಲವಾದ ಹಲಗೆ ಬೇಕು. ಅಡಿಕೆ ದಬ್ಬೆಗಳನ್ನು ಒತ್ತೊತ್ತಾಗಿ ಹೊಡೆದು, ಸಿಬರು ಏಳದಂತೆ ಹೆರೆದು, ಮೇಲೆ ಗೋಣಿ ಹೊದೆಸಿದರೆ ಕಾಲು ಜಾರದು. ಆರಂಭದಲ್ಲಿ ಅದರ ಎತ್ತರ ಒಂದು ಗೇಣನ್ನು ಮೀರಬಾರದು. ಎರಡು ಸಾಲು ಕುರ್ಚಿಗಳ ಮೇಲೆ ಹಳೆಯ ಹೊದಿಕೆ ಹಾಸಿದರೆ ಸುರಂಗವಾಯಿತು. ನಿಜವಾದ ಸುರಂಗದ ಬಳಿಗೆ ನಾಯಿಯನ್ನಾಗಲಿ ಮಕ್ಕಳನ್ನಾಗಲಿ ಈ ಆಟಕ್ಕೆಂದು ಕರೆದೊಯ್ಯಲೇಬಾರದು. ಕೋಲುಗಳ ಸಾಲಿಗೆ 60 ಸೆಂಟಿಮೀಟರ್ ಅಂತರದಲ್ಲಿ 12 ಕೋಲು ನೆಟ್ಟರೆ ಒಟ್ಟು ಉದ್ದ 6.6 ಮೀಟರ್. ಅಂಗಳದಲ್ಲಿ ಅಷ್ಟು ಎಡೆಯಿಲ್ಲವಾದರೆ 6 ಕೋಲುಗಳಿಂದ ತೊಡಗಬಹುದು.

ಬಣ್ಣದ ಬಗೆಗೂ ಒಂದು ಮಾತು. ನಾಯಿಯ ಕಣ್ಣು ಹಳದಿ ಮತ್ತು ನೀಲಿಯನ್ನು ಚೆನ್ನಾಗಿ ಗುರುತಿಸುತ್ತದೆ. ಕೆಂಪು ಅದಕ್ಕೆ ಮಂಕಾಗಿ ಕಾಣುತ್ತದೆ. ಹಸಿರು ಹುಲ್ಲಿನ ಮೇಲೆ ಕೆಂಪು ಕೋಲನ್ನಿಟ್ಟರೆ ಮನುಷ್ಯನಿಗೆ ಎದ್ದು ಕಾಣುವುದು ನಾಯಿಗೆ ಕಾಣದೇ ಹೋಗಬಹುದು. ತಡೆಗಳಿಗೆ ಹಳದಿ ಅಥವಾ ನೀಲಿ ಪಟ್ಟಿ ಸುತ್ತುವುದು ಒಳಿತು.

ಕಠಿಣವಾದುದು ಯಾವುದು?

ಹೊರಗಿನಿಂದ ನೋಡುವವರಿಗೆ ಎತ್ತರವಾದ ಬೇಲಿಯೇ ಕಠಿಣವೆಂದು ತೋರುತ್ತದೆ. ಬಲ್ಲವರ ಅನುಭವ ಬೇರೆ. ಆರೋಗ್ಯವಂತ ನಾಯಿಗೆ ಹಾರುವುದು ಕಷ್ಟವಲ್ಲ. ಎಲ್ಲಿ ತಿರುಗಬೇಕು, ಎರಡು ತಡೆಗಳು ಎದುರಿಗಿದ್ದಾಗ ಯಾವುದನ್ನು ಆರಿಸಬೇಕು ಎಂದು ತಿಳಿಯುವುದೇ ಕಷ್ಟ. ಸಂಕದ ಕೆಳಗೇ ಸುರಂಗದ ಬಾಯಿ ಇರುವಂತೆ ತೀರ್ಪುಗಾರರು ಪಥ ಹೂಡುವುದುಂಟು. ಓಡಿಬರುವ ನಾಯಿಗೆ ಕ್ಷಣಾರ್ಧದಲ್ಲಿ ಎರಡರಲ್ಲೊಂದನ್ನು ಆರಿಸಿ ಹೇಳಬೇಕು. ಇನ್ನೊಂದೆಡೆ ಬೇಲಿಯ ಹಿಂಬದಿಗೆ ಸುತ್ತಿಹೋಗಿ ಆಚೆಯಿಂದ ಈಚೆಗೆ ಹಾರಬೇಕಾಗುತ್ತದೆ. ಕೋಲುಗಳ ಸಾಲನ್ನು ಪ್ರವೇಶಿಸುವಾಗ ಮೊದಲ ಕೋಲು ಯಾವಾಗಲೂ ನಾಯಿಯ ಎಡ ಭುಜದ ಬದಿಗೇ ಇರಬೇಕು. ನೇರವಾಗಿ ಬರುವಾಗ ಇದು ಸುಲಭ. ಓರೆಯಿಂದ ವೇಗವಾಗಿ ಬರುವಾಗ ಚುರುಕಾದ ನಾಯಿಯೂ ಎರಡನೆಯ ಸಂದಿಗೆ ನುಗ್ಗಿಬಿಡುತ್ತದೆ.

ಇಂತಹ ಭಾಗಗಳನ್ನು ಮನೆಯಲ್ಲಿ ಕಲಿಸುವುದಕ್ಕೆ ತರಬೇತುದಾರರು ಅನುಸರಿಸುವ ಕ್ರಮ ಹೀಗಿದೆ. ಮೊದಲು ಪಥವನ್ನು ಚೌಕಳಿ ಹಾಳೆಯಲ್ಲಿ ಬರೆಯಬೇಕು. ಒಂದು ಚೌಕಕ್ಕೆ ಒಂದು ಮೀಟರ್ ಎಂಬ ಅಳತೆಯಿಟ್ಟು, ತಡೆಗಳಿಗೆ ಸಂಖ್ಯೆ ಹಾಕಿ, ನಾಯಿ ಓಡುವ ಗೆರೆಯನ್ನು ಒಂದು ಬಣ್ಣದಲ್ಲೂ ತಾನು ಓಡುವ ಗೆರೆಯನ್ನು ಇನ್ನೊಂದು ಬಣ್ಣದಲ್ಲೂ ಎಳೆಯಬೇಕು. ಎರಡು ಗೆರೆಗಳು ಎಲ್ಲಿ ಅಡ್ಡಹಾಯುತ್ತವೆಯೋ ಅಲ್ಲಿಯೇ ಎಡವಟ್ಟು ಸಂಭವಿಸುವುದು. ಅಲ್ಲಿ ನಾಯಿಯ ಮುಂದಿನಿಂದ ದಾಟಬೇಕೋ ಹಿಂದಿನಿಂದ ದಾಟಬೇಕೋ ಎಂಬುದನ್ನು ಕಾಗದದ ಮೇಲೆಯೇ ತೀರ್ಮಾನಿಸಬೇಕು. ಆ ಬಳಿಕ ನಾಯಿಯನ್ನು ಕಟ್ಟಿಟ್ಟು, ಅಂಗಳದಲ್ಲಿ ಒಬ್ಬರೇ ನಾಲ್ಕೈದು ಸಲ ನಡೆದು ನೋಡಬೇಕು. ನೋಡಿದವರು ನಕ್ಕಾರು, ನಗಲಿ. ನಡೆಸುವಾತನಿಗೆ ದಾರಿ ಬಾಯಿಪಾಠವಾಗುವ ಮೊದಲು ನಾಯಿಯನ್ನು ಓಡಿಸಿದರೆ ನಾಯಿ ಕಲಿಯುವುದು ಗೊಂದಲವನ್ನು ಮಾತ್ರ.

ಎರಡನೆಯದಾಗಿ, ತುಂಡನ್ನು ಹಿಂದಿನಿಂದ ಮುಂದಕ್ಕೆ ಕಲಿಸಬೇಕು. ನಾಲ್ಕು ತಡೆಗಳ ತುಂಡಾದರೆ ಮೊದಲು ನಾಲ್ಕನೆಯದನ್ನು ಮಾತ್ರ. ಅದು ಹಿಡಿತಕ್ಕೆ ಬಂದ ಮೇಲೆ ಮೂರು ಮತ್ತು ನಾಲ್ಕು, ಅನಂತರ ಎರಡು, ಮೂರು, ನಾಲ್ಕು. ಹೀಗೆ ಮಾಡಿದಾಗ ನಾಯಿ ಪ್ರತಿ ಸಲವೂ ಹೊಸತರಿಂದ ಹೊರಟು ಚೆನ್ನಾಗಿ ಬಲ್ಲದರ ಕಡೆಗೆ ಓಡುತ್ತದೆ. ಮನೆ ಹತ್ತಿರವಾದಂತೆ ದಾರಿಗನ ಹೆಜ್ಜೆ ಚುರುಕಾಗುವ ಹಾಗೆ ಅದರ ಉತ್ಸಾಹವೂ ಏರುತ್ತದೆ. ಮುಂದಿನಿಂದ ಕಲಿಸಿದಲ್ಲಿ ಪ್ರತಿ ಹೆಜ್ಜೆಗೂ ಅಪರಿಚಿತವಾದುದು ಎದುರಾಗಿ ನಾಯಿ ಅಳುಕುತ್ತದೆ.

ಮೂರನೆಯದಾಗಿ, ಒಂದು ಸಲಕ್ಕೆ ಒಂದೇ ಕಷ್ಟ. ಕೋಲುಗಳ ಸಾಲಿನ ಪ್ರವೇಶವನ್ನು ಕಲಿಸುವಾಗ ಗಡಿಯಾರದ ಮುಖವನ್ನು ಕಲ್ಪಿಸಿಕೊಳ್ಳುವುದು ವಾಡಿಕೆ. ಮೊದಲ ಕೋಲು ಗಡಿಯಾರದ ನಡುಬಿಂದು. ನಾಯಿಯನ್ನು ಮೊದಲು 6ರ ಅಂಕೆಯಿಂದ ನೇರವಾಗಿ ಕಳಿಸಿ, ಅದು ತಪ್ಪದೆ ಹೋಗತೊಡಗಿದ ಮೇಲೆ 5ರಿಂದ, 7ರಿಂದ, ಆಮೇಲೆ 4ರಿಂದ, 8ರಿಂದ ಕಳಿಸುವುದು. ಓರೆ ಹೆಚ್ಚಿಸಿದ ದಿನ ವೇಗವನ್ನು ಹೆಚ್ಚಿಸಬಾರದು. ವೇಗ ಹೆಚ್ಚಿಸಿದ ದಿನ ಓರೆಯನ್ನು ಕಡಿಮೆ ಮಾಡಬೇಕು. ತೂಗುಹಲಗೆಗೂ ಇದೇ ನೀತಿ. ಅಲ್ಲಿ ನಾಯಿಯನ್ನು ಹೆದರಿಸುವುದು ಎತ್ತರಕ್ಕಿಂತ ಹೆಚ್ಚಾಗಿ ಹಲಗೆ ನೆಲಕ್ಕೆ ಬಡಿಯುವ ಸದ್ದು. ಆದುದರಿಂದ ಮೊದಲ ದಿನಗಳಲ್ಲಿ ತುದಿಯಡಿಗೆ ದಪ್ಪನೆಯ ಗೋಣಿಮೂಟೆಯಿಟ್ಟು, ಸದ್ದು ಕ್ರಮೇಣ ಕೇಳುವಂತೆ ಮೂಟೆಯನ್ನು ತೆಳುವಾಗಿಸುತ್ತ ಬರಬೇಕು. ಒಮ್ಮೆ ಬೆದರಿದ ನಾಯಿಯನ್ನು ಎಳೆದು ಹತ್ತಿಸಿದರೆ ಅದು ಹಲಗೆಯನ್ನಷ್ಟೇ ಅಲ್ಲ, ಎಳೆದವರನ್ನೂ ದೂರವಿಡುತ್ತದೆ.

ನಾಲ್ಕನೆಯದು ಅವಧಿ. ಒಂದು ಹೊತ್ತಿಗೆ ಐದರಿಂದ ಹತ್ತು ನಿಮಿಷ, ಒಂದು ತುಂಡಿಗೆ ನಾಲ್ಕೈದು ಪ್ರಯತ್ನ, ಅಷ್ಟು ಸಾಕು. ಸತತ ಎರಡು ಸಲ ತಪ್ಪಿದರೆ ಮೂರನೆಯ ಸಲಕ್ಕೆ ಪಾಠವನ್ನು ಸುಲಭಗೊಳಿಸಬೇಕು. ಚೆನ್ನಾಗಿ ಮಾಡಿದ ಕೂಡಲೇ ಕಡಲೆಕಾಳಿನ ಗಾತ್ರದ ಬೆಂದ ಮೊಟ್ಟೆಯ ಚೂರನ್ನೋ ಗೆಣಸಿನ ಚೂರನ್ನೋ ಕೊಟ್ಟು ಅಲ್ಲಿಗೆ ನಿಲ್ಲಿಸಬೇಕು. ‘ಇನ್ನೊಂದೇ ಸಲ’ ಎಂಬ ಆಸೆಯೇ ಅಭ್ಯಾಸವನ್ನು ಕೆಡಿಸುತ್ತದೆ.

ನಾಯಿ ಓದುವ ಭಾಷೆ

ಕಾಸರಗೋಡಿನ ಮನೆಗಳಲ್ಲಿ ಭಾಷೆಗಳಿಗೆ ಬರವಿಲ್ಲ. ಅಜ್ಜಿ ತುಳುವಿನಲ್ಲೋ ಹವ್ಯಕ ಕನ್ನಡದಲ್ಲೋ ಗದರಿಸುತ್ತಾರೆ, ತೋಟದ ಕೆಲಸದವರು ಮಲಯಾಳದಲ್ಲಿ ಕರೆಯುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ ಆಜ್ಞಾಪಿಸುತ್ತಾರೆ. ಮನುಷ್ಯರಿಗೆ ಇದು ಸಂಪತ್ತು. ಕಲಿಕೆಯ ಹಂತದಲ್ಲಿರುವ ನಾಯಿಗೆ ಇದು ತೊಡಕು. ನಾಯಿಗೆ ವ್ಯಾಕರಣ ತಿಳಿಯದು. ಒಂದು ಧ್ವನಿಗೆ ಒಂದು ಕ್ರಿಯೆ ಎಂಬ ನಂಟು ಮಾತ್ರ ತಿಳಿಯುತ್ತದೆ. ಯಾವ ಭಾಷೆಯಾದರೂ ಆದೀತು, ಆದರೆ ಮನೆಮಂದಿಯೆಲ್ಲರೂ ಒಂದು ಕೆಲಸಕ್ಕೆ ಒಂದೇ ಪದವನ್ನು ಬಳಸಬೇಕು. ಕನ್ನಡದ ಎರಡಕ್ಷರದ ಕ್ರಿಯಾಪದಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಒಂದು ಎಚ್ಚರ ಮಾತ್ರ ಅಗತ್ಯ: ‘ಹಾರು’, ‘ಹತ್ತು’ ಎಂಬೆರಡೂ ಒಂದೇ ಅಕ್ಷರವರ್ಗದಿಂದ ತೊಡಗುತ್ತವೆ. ಓಟದ ಭರದಲ್ಲಿ ನಾಯಿಗೆ ಅವುಗಳ ಭೇದ ತಿಳಿಯದು. ಜಿಗಿತಕ್ಕೆ ‘ಹಾರು’ ಎಂದಾದರೆ ಹಲಗೆಗೆ ‘ಸಂಕ’ ಎಂದು ಹೇಳುವುದು ಲೇಸು. ಮನೆಯ ಗೋಡೆಯ ಮೇಲೆ ಪದಗಳ ಪಟ್ಟಿಯನ್ನು ಬರೆದು ತೂಗಹಾಕುವ ಹೊಣೆಯನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಬಹುದು.

ಆದರೆ ಮಾತಿಗಿಂತ ಮೊದಲು ನಾಯಿ ಓದುವುದು ಮೈಯನ್ನು. ಭುಜ ಯಾವ ಕಡೆಗಿದೆ, ಪಾದದ ಬೆರಳು ಎತ್ತ ತೋರುತ್ತಿದೆ, ನೋಟ ಎಲ್ಲಿ ನೆಟ್ಟಿದೆ ಎಂಬುದನ್ನು ಅದು ಕ್ಷಣಮಾತ್ರದಲ್ಲಿ ಗ್ರಹಿಸುತ್ತದೆ. ಬಾಯಲ್ಲಿ ‘ಸುರಂಗ’ ಎಂದು ಹೇಳುತ್ತ ಭುಜವನ್ನು ಸಂಕದ ಕಡೆಗೆ ತಿರುಗಿಸಿದರೆ ನಾಯಿ ಸಂಕವನ್ನೇ ಹತ್ತುತ್ತದೆ. ತಪ್ಪು ಅದರದ್ದಲ್ಲ. ಯಕ್ಷಗಾನದ ಪಿತಾಮಹನೆನಿಸಿದ ಪಾರ್ತಿಸುಬ್ಬನ ಊರು ಕುಂಬಳೆ. ರಂಗಸ್ಥಳದ ಹಿಂಬದಿಯಲ್ಲಿ ಕುಳಿತ ಭಾಗವತನೇ ಒಂದನೆಯ ವೇಷ ಎಂಬ ಮಾತು ಇಲ್ಲಿಯವರಿಗೆ ಗೊತ್ತು. ಕುಣಿಯುವುದು ವೇಷಧಾರಿಯಾದರೂ ನಡೆಸುವುದು ಭಾಗವತನ ತಾಳ. ತಾಳ ತಪ್ಪಿದರೆ ಹೆಜ್ಜೆ ತಪ್ಪುತ್ತದೆ. ಅಂಗಳದ ಓಟದಲ್ಲೂ ನಡೆಸುವಾತನ ಸ್ಥಾನ ಅದೇ. ಮೊಬೈಲಿನಲ್ಲಿ ಓಟವನ್ನು ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರೆ ತಪ್ಪು ಎಲ್ಲಿ ಹುಟ್ಟಿತೆಂಬುದು ಸ್ಪಷ್ಟವಾಗುತ್ತದೆ. ಸೋತಾಗ ಎದುರಿನವರನ್ನು ಗದರಿಸುವ ಮೊದಲು ತನ್ನ ಹೆಜ್ಜೆಯನ್ನು ತಾನೇ ನೋಡಿಕೊಳ್ಳುವ ಅಭ್ಯಾಸ ಮಕ್ಕಳಿಗೆ ಇದರಿಂದ ದೊರೆಯುವ ದೊಡ್ಡ ಲಾಭ.

ವಯಸ್ಸು, ಹವೆ, ಆರೋಗ್ಯ

ಮರಿನಾಯಿಗೆ ಜಿಗಿತ ಕೂಡದು. ಎಲುಬಿನ ಬೆಳವಣಿಗೆ ಪೂರ್ತಿಯಾಗುವವರೆಗೆ, ಅಂದರೆ ತಳಿಗನುಸಾರವಾಗಿ ಒಂದರಿಂದ ಒಂದೂವರೆ ವರ್ಷದವರೆಗೆ, ಎತ್ತರದ ಹಾರಾಟವು ಕೀಲುಗಳಿಗೆ ಹಾನಿಕರ. ಎಫ್‌ಸಿಐ ನಿಯಮದಂತೆ 18 ತಿಂಗಳು ತುಂಬದ ನಾಯಿಗೆ ಸ್ಪರ್ಧೆಗೇ ಪ್ರವೇಶವಿಲ್ಲ. ಅದುವರೆಗೆ ಕೋಲನ್ನು ನೆಲದ ಮೇಲಿಟ್ಟು ದಾಟಿಸುವುದು, ಸುರಂಗದಲ್ಲಿ ನುಸುಳಿಸುವುದು, ಕರೆದಾಗ ಬರುವುದು, ‘ನಿಲ್ಲು’ ಎಂದಾಗ ನಿಲ್ಲುವುದು ಇಷ್ಟನ್ನೇ ಕಲಿಸಬಹುದು. ಮೈ ಭಾರವಾದ, ಮುದಿಯಾದ, ಕುಂಟುವ ನಾಯಿಗಳನ್ನು ಮೃಗಾಸ್ಪತ್ರೆಯಲ್ಲಿ ತೋರಿಸದೆ ಓಡಿಸಬಾರದು.

ನೆಲವೂ ಮುಖ್ಯ. ನುಣುಪಾದ ಸಿಮೆಂಟ್ ಅಂಗಳ ಜಾರುತ್ತದೆ, ಕೀಲುಗಳಿಗೆ ಪೆಟ್ಟು ಕೊಡುತ್ತದೆ. ಮುರಕಲ್ಲಿನ ಪಾರೆಯ ಮೇಲೆ ಪಾದದ ಮೆತ್ತೆ ಹರಿಯುತ್ತದೆ. ಕೊಯ್ಲು ಮುಗಿದ ಗದ್ದೆ ಅಥವಾ ಹುಲ್ಲಿರುವ ಮಣ್ಣಿನ ಜಾಗ ಎಲ್ಲಕ್ಕಿಂತ ಒಳ್ಳೆಯದು. ಜೂನಿನಿಂದ ಸುರಿಯುವ ಮಳೆಗೆ ಅಂಗಳವೆಲ್ಲ ಪಾಚಿಗಟ್ಟುವ ಊರಿದು. ಆ ತಿಂಗಳುಗಳಲ್ಲಿ ಓಟವನ್ನು ಬದಿಗಿಟ್ಟು, ಜಗಲಿಯಲ್ಲೇ ಪದಗಳ ಪಾಠ, ಎಡಬಲಗಳ ತಿರುವು, ಎರಡು ಕೋಲುಗಳ ನಡುವಣ ಪ್ರವೇಶ ಇವನ್ನು ಗಟ್ಟಿಮಾಡಬಹುದು. ಬೇಸಿಗೆ ಇನ್ನೂ ಅಪಾಯಕಾರಿ. ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರಿ ತಂಪಾಗದು, ಏದುಸಿರಿನಿಂದಲೇ ಕಾವನ್ನು ಹೊರಹಾಕಬೇಕು. ಕಡಲತೀರದ ಹಸಿಹವೆಯಲ್ಲಿ ಅದು ಇನ್ನಷ್ಟು ಕಷ್ಟ. ಏಪ್ರಿಲ್, ಮೇ ತಿಂಗಳ ಶಾಲಾ ರಜೆಯಲ್ಲಿ ಅಭ್ಯಾಸ ಮಾಡುವವರು ಬೆಳಗ್ಗೆ ಬಿಸಿಲೇರುವ ಮುನ್ನ ಮುಗಿಸಬೇಕು. ನಾಲಗೆ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಡವರಿಸತೊಡಗಿದರೆ ಅದು ಬಿಸಿಲಾಘಾತದ ಲಕ್ಷಣ. ತಕ್ಷಣ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹೊಯ್ದು, ಗಾಳಿ ಹಾಕುತ್ತ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ರೇಬಿಸ್ ಲಸಿಕೆಯ ವಿಷಯದಲ್ಲಿ ರಿಯಾಯಿತಿಯಿಲ್ಲ. ಲಸಿಕೆ ಹಾಕಿಸಿ, ಅದರ ದಾಖಲೆಯನ್ನು ಮನೆಯಲ್ಲಿಟ್ಟುಕೊಂಡ ಬಳಿಕವೇ ಮಕ್ಕಳನ್ನು ಈ ಆಟಕ್ಕೆ ಬಿಡಬೇಕು, ಅದೂ ಹಿರಿಯರ ಕಣ್ಣೆದುರಿಗೆ. ಆಟದ ಭರದಲ್ಲಿ ಹಲ್ಲು ತಾಗಿ ಗೀರಿದರೂ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗತಕ್ಕದ್ದು. ‘ನಮ್ಮದೇ ನಾಯಿ’ ಎಂಬ ಸಮಾಧಾನ ಇಲ್ಲಿ ಸಲ್ಲದು.

ಕಾನೂನು ಹೇಳುವುದೇನು?

ನಾಯಿಗೆ ವ್ಯಾಯಾಮ ಕೊಡುವುದು ಸಾಕಿದವರ ಇಷ್ಟಾನಿಷ್ಟಕ್ಕೆ ಬಿಟ್ಟ ಸಂಗತಿಯೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಕಲಮು ಯಾವುದೆಲ್ಲ ಹಿಂಸೆಯೆಂದು ಪಟ್ಟಿಮಾಡುತ್ತದೆ. ಅನುಚಿತವಾಗಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಅನುಚಿತ ಕಾಲದವರೆಗೆ ಕಟ್ಟಿಡುವುದು ಆ ಪಟ್ಟಿಯಲ್ಲಿದೆ. ಅದರ ಮರು ಉಪಖಂಡವು ನಾಯಿಯನ್ನೇ ಹೆಸರಿಸುತ್ತದೆ: ಸದಾ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನಲ್ಲಿ ಇರಿಸಿದ ನಾಯಿಗೆ ತಕ್ಕಮಟ್ಟಿನ ವ್ಯಾಯಾಮ ದೊರಕಿಸುವಲ್ಲಿ ಮಾಲೀಕನು ತೋರುವ ಅಲಕ್ಷ್ಯವೂ ಅಪರಾಧ. ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ಪ್ರಾಣಿಯನ್ನು ತೊರೆದುಬಿಡುವುದೂ ಹಾಗೆಯೇ. ಮರಿಗಳನ್ನು ಗೋಣಿಯಲ್ಲಿ ತುಂಬಿ ಪೇಟೆಯ ಬದಿಯಲ್ಲೋ ಶಾಲೆಯ ಮೈದಾನದಲ್ಲೋ ಬಿಟ್ಟುಬರುವವರು ಇದನ್ನು ಗಮನಿಸಬೇಕು. ಅವರು ಬಿಟ್ಟ ಮರಿಯೇ ನಾಳೆ ಮಕ್ಕಳು ಹೆದರುವ ಬೀದಿನಾಯಿ.

ದಂಡದ ಮೊತ್ತವನ್ನು ಕೇಳಿದರೆ ನಗು ಬರಬಹುದು. ಮೊದಲ ಅಪರಾಧಕ್ಕೆ 10 ರೂಪಾಯಿಯಿಂದ 50 ರೂಪಾಯಿ. 1960ರ ಬೆಲೆ ಇಂದಿಗೂ ಹಾಗೆಯೇ ಉಳಿದುಕೊಂಡಿದೆ. ಆದರೆ ಕಾನೂನಿನ ತೂಕವನ್ನು ದಂಡದಿಂದ ಮಾತ್ರ ಅಳೆಯಲಾಗದು. 2014ರ ಮೇ 7ರಂದು ಎ. ನಾಗರಾಜ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಸಿವು, ನೋವು, ಭಯಗಳಿಂದ ಮುಕ್ತವಾಗಿರುವುದರೊಂದಿಗೆ ತನ್ನ ಸಹಜ ವರ್ತನೆಯನ್ನು ತೋರುವ ಸ್ವಾತಂತ್ರ್ಯವೂ ಪ್ರಾಣಿಗಳಿಗಿದೆ ಎಂಬ ತತ್ವವನ್ನು ಎತ್ತಿಹಿಡಿಯಿತು. ಜಲ್ಲಿಕಟ್ಟಿನ ವಿಷಯದಲ್ಲಿ ಹೊರಟ ಆ ತೀರ್ಪಿನ ಮುಂದಿನ ಬೆಳವಣಿಗೆಗಳೇನೇ ಇರಲಿ, ಓಡುವುದು, ಮೂಸುವುದು, ಹುಡುಕುವುದು ನಾಯಿಯ ಸಹಜ ವರ್ತನೆಯೆಂಬುದರಲ್ಲಿ ಯಾರಿಗೂ ಸಂಶಯವಿರದು. ಜೀವಿಗಳಲ್ಲಿ ದಯೆ ತೋರುವುದು ಸಂವಿಧಾನದ 51ಎ ವಿಧಿಯು ಪ್ರತಿಯೊಬ್ಬ ಪ್ರಜೆಗೂ ವಿಧಿಸಿದ ಮೂಲಭೂತ ಕರ್ತವ್ಯಗಳಲ್ಲೊಂದು.

ಹೊಣೆಯ ಇನ್ನೊಂದು ಮುಖವೂ ಇದೆ. ವ್ಯಾಯಾಮವೆಂದು ನಾಯಿಯನ್ನು ರಸ್ತೆಗೆ ಬಿಡುವಂತಿಲ್ಲ. ಸಾಕುಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೇರಳದಲ್ಲಿ 1998ರ ಪಂಚಾಯತ್ ರಾಜ್ ನಿಯಮಗಳಂತೆ ನಾಯಿ ಸಾಕುವವರು ಗ್ರಾಮ ಪಂಚಾಯತಿನಿಂದ ಪರವಾನಗಿ ಪಡೆಯಬೇಕು. ಅಂಗಳಕ್ಕೆ ಬೇಲಿಯಿಲ್ಲದ ಮನೆಗಳಲ್ಲಿ ಅಭ್ಯಾಸದ ವೇಳೆ ಉದ್ದನೆಯ ಹಗ್ಗವೊಂದನ್ನು ಪಟ್ಟಿಗೆ ಸಿಕ್ಕಿಸಿ, ಅದರ ತುದಿಯನ್ನು ಒಬ್ಬರು ಹಿಡಿದುಕೊಂಡು, ತಡೆಗಳಿಗೆ ಸಿಲುಕದಂತೆ ನೋಡಿಕೊಂಡು ನೆಲಮಟ್ಟದ ಪಾಠಗಳನ್ನಷ್ಟೇ ಮಾಡಿಸಬೇಕು.

ಇಲ್ಲಿ ಕಾನೂನಿನ ಎರಡು ಬೇಡಿಕೆಗಳು ಒಂದಕ್ಕೊಂದು ವಿರೋಧವೆಂಬಂತೆ ತೋರುತ್ತವೆ: ಕಟ್ಟಿಯೇ ಇಡಬೇಡ, ಬಿಟ್ಟೂ ಬಿಡಬೇಡ. ಇವೆರಡರ ನಡುವಿನ ದಾರಿಯೇ ತರಬೇತಿ. ‘ಬಾ’ ಎಂದರೆ ಬರುವ, ‘ನಿಲ್ಲು’ ಎಂದರೆ ಬೈಕಿನ ಹಿಂದೆ ಓಡದೆ ನಿಲ್ಲುವ ನಾಯಿಯನ್ನು ಹಗಲಿಡೀ ಕಟ್ಟಬೇಕಾಗಿಲ್ಲ. ದಿನಾಲೂ ಮೈಗೂ ಮನಸ್ಸಿಗೂ ಕೆಲಸ ದೊರೆತ ನಾಯಿಯು ದಾರಿಹೋಕರನ್ನು ಕಂಡು ಸರಪಳಿ ಜಗ್ಗಿ ಬೊಗಳುವುದೂ ಕಡಿಮೆಯಾಗುತ್ತದೆ.

ಯಾವ ನಾಯಿಗೆ?

ಜಾಗತಿಕ ಸ್ಪರ್ಧೆಗಳಲ್ಲಿ ಕುರಿ ಕಾಯುವ ಬಾರ್ಡರ್ ಕಾಲಿ ತಳಿಯದೇ ಮೇಲುಗೈ. ಕರ್ನಾಟಕದ ಹೆಮ್ಮೆಯಾದ, 2005ರಲ್ಲಿ ಅಂಚೆಚೀಟಿಯಲ್ಲೂ ಸ್ಥಾನ ಪಡೆದ ಮುಧೋಳ ನಾಯಿ ನೇರ ಓಟದಲ್ಲಿ ಮಿಂಚಿನಂಥದು. ಬೇಟೆಯನ್ನು ಕಣ್ಣಿನಿಂದಲೇ ಅಟ್ಟುವ ಜಾತಿಯಾದುದರಿಂದ ಇಕ್ಕಟ್ಟಾದ ತಿರುವುಗಳು ಅದಕ್ಕೆ ಹಿಡಿಸಲು ಹೆಚ್ಚು ಸಮಯ ಬೇಕಾದೀತು. ಇವೆಲ್ಲವುಗಳ ನಡುವೆ ನಮ್ಮ ಊರಿನ ನಾಡನಾಯಿಯನ್ನು ಕೀಳೆಂದೆಣಿಸಬೇಕಾಗಿಲ್ಲ. ಹಗುರವಾದ ಮೈ, ಗಟ್ಟಿಮುಟ್ಟಾದ ಕಾಲು, ಇಲ್ಲಿಯ ಹವೆಗೆ ಒಗ್ಗಿದ ತುಪ್ಪುಳು, ಇವು ಈ ಆಟಕ್ಕೆ ಅನುಕೂಲವಾದ ಗುಣಗಳೇ. ಬೆಲೆಬಾಳುವ ತಳಿಯ ಮರಿಯನ್ನು ಕೊಳ್ಳಲೇಬೇಕೆಂಬವರು 2017ರ ನಿಯಮಗಳಂತೆ ನೋಂದಾಯಿತರಾದ ಸಾಕಣೆದಾರರಿಂದಲೇ ಕೊಳ್ಳಬೇಕು. ಲಾಭಕ್ಕಾಗಿ ಮನಬಂದಂತೆ ಮರಿಹಾಕಿಸುವ ದಂಧೆ ನಾಯಿಗೆ ಎಂತಹ ದುಃಖ ತರುತ್ತದೆ ಎಂಬುದನ್ನು ಚಾರ್ಲಿಯ ಕಥೆಯೇ ಹೇಳಿದೆ.

ಈ ಅಭ್ಯಾಸದ ಕೊನೆಯಲ್ಲಿ ಪದಕ ಸಿಗದಿರಬಹುದು. 12 ಕೋಲುಗಳನ್ನು ತಪ್ಪಿಲ್ಲದೆ ನುಸುಳುವಷ್ಟರಲ್ಲಿ ಹಲವು ತಿಂಗಳುಗಳೇ ಕಳೆದಾವು. ಆದರೆ ಕಲಿಕೆಯ ಮೊದಲ ಮೆಟ್ಟಿಲಿಗೆ ಕಾಯಬೇಕಾದುದೇನಿಲ್ಲ. ಸಂಜೆ ಬಿಸಿಲಿಳಿದ ಮೇಲೆ ಮನೆಯ ನಾಯಿಯ ಸರಪಳಿಯನ್ನು ಬಿಚ್ಚಿ, ಉದ್ದನೆಯ ಹಗ್ಗ ಸಿಕ್ಕಿಸಿ, ಅಂಗಳದಲ್ಲಿ ಒಂದು ಕೋಲನ್ನು ನೆಲದ ಮೇಲಿಟ್ಟು, ಅದರ ಆಚೆ ನಿಂತು ‘ಬಾ’ ಎಂದು ಕರೆದು, ಬಂದಾಗ ಒಂದು ಚೂರು ತಿಂಡಿ ಕೊಟ್ಟು ಬೆನ್ನು ಸವರಿದರೆ ಅಲ್ಲಿಗೆ ಮೊದಲ ಪಾಠ ಮುಗಿಯಿತು. ಅದಕ್ಕೆ ಬೇಕಾದುದು ಐದೇ ನಿಮಿಷ.